ಮೋಟಾರು ಸೈಕಲ್ಲಿನ ಹಿಂಬಂಡಿ

ಟ್ರ್ಯಾಕ್ಟರಿನ ಹಿಂದೆ ಟ್ರೇಲರು ಹೋಗುವುದನ್ನು ನಮ್ಮ ವಾಚಕರೆಲ್ಲರೂ ಕಂಡಿರುವರು. ಕಾರಿನ ಹಿಂದೆ ಹೋಗುವುದನ್ನೂ ಕೆಲವರು ಕಂಡಿರಬಹುದು. ಆದರೆ ಎರಡೇ ಗಾಲಿಗಳ ಮೇಲೆ, ಸವಾರನ ಸಮತೋಲವೊಂದನ್ನೇ ನಂಬಿ ನಿಲ್ಲತಕ್ಕ ಮೋಟಾರು ಸೈಕಲ್ಲಿನ ಬೆನ್ನಿಗೆ ಮತ್ತೊಂದು ಬಂಡಿಯನ್ನು ಕಟ್ಟಿ, ಅದರಲ್ಲಿ ಸಂಸಾರದ ಸಾಮಾನುಗಳನ್ನು ತುಂಬಿಕೊಂಡು, ವೃದ್ಧ ದಂಪತಿಗಳಿಬ್ಬರು ಸಾವಿರ ಮೈಲಿಗಳ ಪ್ರವಾಸವನ್ನು ಕೈಕೊಳ್ಳುವರೆಂದರೆ ಯಾರು ನಂಬುವರು? ನಾವಂತೂ ಕಣ್ಣಾರೆ ಕಾಣುವ ವರೆಗೆ ನಂಬಿರಲಿಲ್ಲ. ಕಂಡ ಮೇಲೆ ಮಾತ್ರ, ಇದು ಯಂತ್ರಶಾಸ್ತ್ರಜ್ಞರಿಗಿಂತ ಹೆಚ್ಚಾಗಿ ಗೃಹಸ್ಥರು ಯೋಚಿಸತಕ್ಕ ವಿಷಯವೆಂದು ತೋರಿತು.

2023 ನೆಯ ವರ್ಷದಲ್ಲಿ ಮೇ ತಿಂಗಳ ನಡುವಿನಿಂದ ಅಕ್ಟೋಬರಿನ ಕೊನೆಯ ವರೆಗೆ ನಾವೂ ನಮ್ಮ ಮನೆಯವರೂ ಅಮೆರಿಕದ ಒಹಾಯೋ ಸಂಸ್ಥಾನದಲ್ಲಿ ಮಗನ ಮನೆಯಲ್ಲಿದ್ದೆವು. ರಾಜಧಾನಿಯಾದ ಕೊಲಂಬಸ್ ನಗರಕ್ಕೂ ಅದರ ವಾಯವ್ಯಕ್ಕಿರುವ ಮೆರಿಸ್ವಿಲ್ ಎಂಬ ಊರಿಗೂ ನಡುವೆ, ಜೋಳದ ಹೊಲಗಳ ಅಂಚಿನಲ್ಲಿ ಆ ಬಡಾವಣೆಯಿತ್ತು. ಮಗನೂ ಸೊಸೆಯೂ ಬೆಳಗ್ಗೆ ಕೆಲಸಕ್ಕೆ ಹೊರಟರೆಂದರೆ ಸಂಜೆಯ ವರೆಗೆ ನಮಗೆ ಮಾತಿಗೆ ಸಿಕ್ಕುವವರು ಒಬ್ಬರೇ. ಬಲಗಡೆಯ ನೆರೆಮನೆಯ ಯಜಮಾನರು. ಅವರಿಗೆ ಆಗ ಅರವತ್ತೇಳು ವರ್ಷ. ಮೆರಿಸ್ವಿಲ್ಲಿನ ಮೋಟಾರು ಸೈಕಲ್ ಕಾರ್ಖಾನೆಯಲ್ಲಿ ಬಹುಕಾಲ ಜೋಡಣೆಯ ಕೆಲಸ ಮಾಡಿ, 2009 ರಲ್ಲಿ ಅದು ಮುಚ್ಚಿದ ಮೇಲೆ ಮಗ್ಗುಲ ಕಾರಿನ ಕಾರ್ಖಾನೆಯಲ್ಲಿ ಸೇವೆ ಮುಗಿಸಿ ನಿವೃತ್ತರಾದವರು. ನಾವು ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಮಕ್ಕಳಿಗೆ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿದವರು. ಅವರು ಅಷ್ಟೇ ಕಾಲ ಸ್ಕ್ರೂಗಳನ್ನು ಬಿಗಿ ಮಾಡಿದವರು. ಆದರೂ ಇಬ್ಬರಿಗೂ ಬೇಗ ಹೊಂದಿಕೆಯಾಯಿತು. ಸಡಿಲ ಬಿಟ್ಟರೆ ಮುಂದೆ ಎಲ್ಲಿ ಕಳಚುವುದೆಂಬುದನ್ನು ಬಲ್ಲವರು ಇಬ್ಬರೂ.

ಅವರ ಗ್ಯಾರೇಜಿನಲ್ಲಿದ್ದ ಯಂತ್ರದ ಹೆಸರು ಹೋಂಡಾ ಗೋಲ್ಡ್ ವಿಂಗ್. 1974 ರಲ್ಲಿ ಜರ್ಮನಿಯ ಕಲೋನ್ ನಗರದ ಪ್ರದರ್ಶನದಲ್ಲಿ ಅದು ಮೊದಲು ಜನರ ಕಣ್ಣಿಗೆ ಬಿತ್ತಂತೆ. ಆಗ ಅದಕ್ಕೆ ನಾಲ್ಕು ಸಿಲಿಂಡರುಗಳು. 1988 ರ ಮಾದರಿಯಿಂದ ಆರು. 2001 ರ ಮಾದರಿಯಿಂದ 1832 ಘನ ಸೆಂಟಿಮೀಟರಿನ ಎಂಜಿನು. ನಮ್ಮ ಬೀದಿಗಳಲ್ಲಿ ಹಾಲಿನವರೂ ಅಂಚೆಯವರೂ ಓಡಿಸುವ ಮೋಟಾರು ಸೈಕಲ್ಲುಗಳ ಎಂಜಿನು 100 ಅಥವಾ 125 ಎಂಬುದನ್ನು ನೆನೆದರೆ ಇದರ ಗಾತ್ರವು ತಿಳಿಯುವುದು. ತೂಕ ಸುಮಾರು 400 ಕಿಲೋಗ್ರಾಂ. ಹಿಂದಕ್ಕೆ ತಳ್ಳಲು ಮನುಷ್ಯಮಾತ್ರನಿಂದ ಸುಲಭಸಾಧ್ಯವಲ್ಲವಾದ್ದರಿಂದ ವಿದ್ಯುತ್ತಿನ ಸಹಾಯದಿಂದ ಹಿಂದಕ್ಕೆ ಚಲಿಸುವ ಏರ್ಪಾಡೂ ಉಂಟು. ಹಿಂದಿನ ಸವಾರರಿಗೆ ಬೆನ್ನಾನಿಕೆಯುಳ್ಳ ಪೀಠ. ಅಕ್ಕಪಕ್ಕಗಳಲ್ಲೂ ಬೆನ್ನಾನಿಕೆಯ ಹಿಂದೆಯೂ ಪೆಟ್ಟಿಗೆಗಳು. 1980 ರಿಂದ ಈ ಯಂತ್ರಗಳು ಅದೇ ಮೆರಿಸ್ವಿಲ್ಲಿನಲ್ಲಿ ತಯಾರಾಗುತ್ತಿದ್ದವು. ನೆರೆಮನೆಯವರದು 2008 ರದು. ಅದರಲ್ಲಿ ತಾವೇ ಬಿಗಿದ ಸ್ಕ್ರೂಗಳೂ ಇರಬಹುದೆಂದು ಅವರು ಹೇಳುತ್ತಿದ್ದರು. ಹೇಳುವಾಗ ಆಸನದ ಮೇಲೆ ಕೈಯಾಡಿಸುವರು.

ಇಂಥ ಯಂತ್ರಕ್ಕೆ ಹಿಂಬಂಡಿಯೊಂದು ಏತಕ್ಕೆ ಬೇಕು? ಈ ಪ್ರಶ್ನೆಯನ್ನು ನಾವು ಮೊದಲನೆಯ ದಿನವೇ ಕೇಳಿದೆವು. ಉತ್ತರವು ಲೆಕ್ಕದ ರೂಪದಲ್ಲಿ ಬಂದಿತು. ಸವಾರರು, ಬಟ್ಟೆಬರೆ, ಸಾಮಾನು ಎಲ್ಲವೂ ಸೇರಿ ಆ ಯಂತ್ರದ ಮೇಲೆ ಹೇರಬಹುದಾದ ಭಾರವು 400 ಪೌಂಡುಗಳ ಆಸುಪಾಸಿನದು. ಯಜಮಾನರು 200 ಪೌಂಡು, ಅವರ ಪತ್ನಿಯವರು 155. ಮೈಗವಸು, ಬೂಟು, ಶಿರಸ್ತ್ರಾಣಗಳು ಸೇರಿದರೆ ಮಿಕ್ಕುವುದು ಒಂದು ಕೈಚೀಲದ ಭಾರ. ತಾರುಣ್ಯದಲ್ಲಿ ಕೈಚೀಲವೇ ಸಾಕಾಗಿತ್ತು. ಆದರೆ ಆ ಸಾಧ್ವಿಗೆ 2021 ರಲ್ಲಿ ಮಂಡಿಯ ಶಸ್ತ್ರಚಿಕಿತ್ಸೆಯಾಗಿ ಲೋಹದ ಕೀಲನ್ನು ಇಟ್ಟಿದ್ದರು. ಮೇಲಾಗಿ ಸಕ್ಕರೆಯ ಖಾಯಿಲೆ. ಗಂಟೆಗೊಮ್ಮೆ ಇಳಿದು ಕಾಲು ಚಾಚಲು ಮಡಿಸುವ ಕುರ್ಚಿ ಬೇಕು; ನಡೆಯಲು ಆಸರೆಯ ಚೌಕಟ್ಟು ಬೇಕು; ಇನ್ಸುಲಿನ್ನಿಗೆ ತಣ್ಣನೆಯ ಪೆಟ್ಟಿಗೆ ಬೇಕು; ಹಾಸಿಗೆ ಒಗ್ಗದ ಕಡೆಗೆ ತಮ್ಮದೇ ದಿಂಬು ಬೇಕು. ಇವನ್ನೆಲ್ಲ ಬೆನ್ನಾನಿಕೆಯ ಹಿಂದಿನ ಪೆಟ್ಟಿಗೆಯ ಮೇಲೆ ಗೋಪುರದಂತೆ ಪೇರಿಸಿದರೆ ಭಾರವು ಹಿಂದಿನ ಗಾಲಿಯಿಂದಲೂ ಆಚೆಗೆ ಬಿದ್ದು ಮುಂದಿನ ಗಾಲಿಯು ಹಗುರವಾಗುವುದು. ಮುಂದಿನ ಗಾಲಿ ಹಗುರವಾದರೆ ಹಿಡಿಯು ಹೇಳಿದ ಮಾತನ್ನು ಕೇಳದು. ಆದ್ದರಿಂದ ಎರಡೇ ದಾರಿ: ಹಿಂಬಂಡಿ, ಇಲ್ಲವೇ ಮನೆಯಲ್ಲಿ ಕುಳಿತಿರುವುದು. ಮೂವತ್ತೊಂದು ವರ್ಷ ಬೆನ್ನ ಹಿಂದೆ ಕುಳಿತು ಬಂದವಳು, “ನಾನಿನ್ನು ಬರಲಾರೆ, ನೀವೊಬ್ಬರೇ ಹೋಗಿಬನ್ನಿ” ಎಂದಳಂತೆ. ಆ ಮರುವಾರವೇ ಅವರು ಯಾರಿಂದಲೋ ಹಳೆಯ ಹಿಂಬಂಡಿಯೊಂದನ್ನು ಕೊಂಡು ತಂದರು.

ಮೋಟಾರು ಸೈಕಲ್ಲಿನ ಹಿಂದೆ ಬಂಡಿ ಕಟ್ಟುವುದು ಹೊಸ ಸಂಗತಿಯೇನೂ ಅಲ್ಲ. 1900 ರ ಸುಮಾರಿಗೆ, ಪಾರ್ಶ್ವದ ಗಾಡಿಯು ಇನ್ನೂ ಬಳಕೆಗೆ ಬಾರದಿದ್ದಾಗ, ಯೂರೋಪಿನಲ್ಲಿ ಮೋಟಾರು ತ್ರಿಚಕ್ರಗಳ ಹಿಂದೆ ಬೆತ್ತದ ಕುರ್ಚಿಯಂತಹ ಬಂಡಿಯನ್ನು ಕಟ್ಟಿ ಅದರಲ್ಲಿ ಹೆಂಡತಿಯನ್ನೋ ಸ್ನೇಹಿತನನ್ನೋ ಕುಳ್ಳಿರಿಸಿಕೊಂಡು ಹೋಗುತ್ತಿದ್ದರು. ಅಂದಿನ ಮಣ್ಣುರಸ್ತೆಯ ಧೂಳೂ ಯಂತ್ರದ ಹೊಗೆಯೂ ಎಲ್ಲವೂ ಹಿಂದೆ ಕುಳಿತವರ ಪಾಲು. ಮಾತನಾಡಿದರೆ ಮುಂದಿನವನಿಗೆ ಕೇಳದು. ಕೊಂಡಿ ಕಳಚಿ ಬಂಡಿಯು ಹಿಂದೆ ಉಳಿದರೂ ಅವನಿಗೆ ಒಡನೆ ತಿಳಿಯುವ ಸಂಭವವಿಲ್ಲ. ಕೆಲವೇ ವರ್ಷಗಳಲ್ಲಿ ಮುಂಭಾಗದ ಪೀಠವೂ ಬಳಿಕ ಪಾರ್ಶ್ವದ ಗಾಡಿಯೂ ಬಂದು ಆ ಕುರ್ಚಿಬಂಡಿಯನ್ನು ಮೂಲೆಗೆ ತಳ್ಳಿದುವು. ಸ್ತ್ರೀಯರು ಅದಕ್ಕಾಗಿ ಯಾರನ್ನು ಹರಸಿದರೋ ನಾವರಿಯೆವು. ಈಗ ಹಿಂಬಂಡಿಯಲ್ಲಿ ಹೋಗುವುದು ಸಾಮಾನು ಮಾತ್ರ. ಮನುಷ್ಯರು ಮುಂದೆ, ಒಟ್ಟಿಗೆ.

ಇನ್ನು ಜೋಡಣೆಯ ವಿಷಯ. ಸಂಸ್ಕೃತದಲ್ಲಿ ‘ಧುರ್’ ಎಂದರೆ ಗಾಡಿಯ ನೊಗದ ಭಾಗ. ಅದನ್ನು ಹೊರುವ ಎತ್ತು ‘ಧುರ್ಯ’, ‘ಧೌರೇಯ’. ನಮ್ಮ ಪತ್ರಿಕೆಗಳಲ್ಲಿ ಸಭಾಧ್ಯಕ್ಷರನ್ನೆಲ್ಲ ‘ಧುರಂಧರ’ರೆಂದು ಹೊಗಳುವವರು, ತಾವು ಆ ಮಹನೀಯರನ್ನು ನೊಗ ಹೊತ್ತ ಎತ್ತಿಗೆ ಸಮಾನರೆನ್ನುತ್ತಿರುವೆವೆಂಬುದನ್ನು ನೆನೆಯುವುದಿಲ್ಲ. ನಮಗೆ ಅದರಲ್ಲಿ ಅಗೌರವವೇನೂ ಕಾಣದು. ಇರಲಿ. ಎತ್ತಿನ ಗಾಡಿಯಲ್ಲಿ ಮೂಕಿಯು ನೊಗಕ್ಕೆ ಹಗ್ಗದಿಂದ ಬಿಗಿಯಲ್ಪಟ್ಟಿರುವುದರಿಂದ ಅಲ್ಪಸ್ವಲ್ಪ ಅಲುಗಾಟಕ್ಕೆ ಅವಕಾಶವುಂಟು. ಮೋಟಾರು ಸೈಕಲ್ಲಿಗೆ ಅಷ್ಟು ಸಾಲದು. ತಿರುವಿನಲ್ಲಿ ಅದು ಮಗ್ಗುಲಿಗೆ ಬಾಗಲೇಬೇಕು; ಎರಡು ಗಾಲಿಯ ಹಿಂಬಂಡಿಯಾದರೋ ಬಾಗದೆ ನೆಟ್ಟಗೇ ನಿಂತಿರುವುದು. ಬಾಗುವುದನ್ನೂ ಬಾಗದುದನ್ನೂ ಒಂದೇ ಸರಳಿನಿಂದ ಬಂಧಿಸಿದರೆ ಸರಳು ತಿರುಚಿ ಮುರಿಯುವುದು, ಇಲ್ಲವೇ ಸವಾರನನ್ನು ಕೆಡಹುವುದು. ಅದಕ್ಕಾಗಿ ಹಿಂಬಂಡಿಯ ಮೂಕಿಯ ತುದಿಯಲ್ಲಿ ತನ್ನ ಸುತ್ತ ತಾನೇ ಪೂರ್ತಿಯಾಗಿ ತಿರುಗತಕ್ಕ ಕೊಂಡಿಯನ್ನಿಡುವರು. ಯಂತ್ರವು ಎಡಬಲಕ್ಕೆ ಎಷ್ಟು ಬಾಗಿದರೂ, ಕೊನೆಗೆ ನೆಲಕ್ಕೆ ಒರಗಿದರೂ, ಬಂಡಿಯು ತನ್ನ ಪಾಡಿಗೆ ನಿಂತಿರುವುದು. ಕೊಂಡಿಯು ಕೈಬಿಟ್ಟರೆ ಆಸರೆಯಾಗಲೆಂದು ಎರಡು ಸರಪಣಿಗಳುಂಟು; ಅವನ್ನು ಮೂಕಿಯ ಕೆಳಗೆ ಗುಣಾಕಾರದ ಚಿಹ್ನೆಯಂತೆ ಅಡ್ಡಡ್ಡ ಹಾಯಿಸಿ ಕಟ್ಟುವರು. ಹಾಗೆ ಕಟ್ಟಿದರೆ ಕಳಚಿದ ಮೂಕಿಯು ರಸ್ತೆಗೆ ಕುಕ್ಕದೆ ಸರಪಣಿಗಳ ತೊಟ್ಟಿಲಿನಲ್ಲಿ ಬೀಳುವುದು. ಇದನ್ನು ಅವರು ತೋರಿಸಿಕೊಟ್ಟಾಗ, ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಯೋಚನೆಯೇ ಎಂದು ನಮಗೆ ಸಂತೋಷವಾಯಿತು.

ಆದರೆ ಕೊಂಡಿ, ಸರಪಣಿ, ದೀಪದ ತಂತಿ ಇವೆಲ್ಲ ಸರಿಯಾಗಿದ್ದರೂ ಭಾರವನ್ನು ಇಡುವ ಸ್ಥಳ ತಪ್ಪಿದರೆ ಯಾವುದೂ ಕಾಯಲಾರದು. ಈ ವಿದ್ಯೆಯನ್ನು ನಾವು ಒಹಾಯೋದಲ್ಲಿ ಕಲಿಯಬೇಕಾಗಿರಲಿಲ್ಲ. ನಮ್ಮ ಬಾಲ್ಯದಲ್ಲಿ ಮನೆಯಲ್ಲಿ ಎತ್ತಿನ ಗಾಡಿಯಿತ್ತು. ರಾಗಿಯ ಮೂಟೆ ಹೇರುವಾಗ ನಮ್ಮ ಅಜ್ಜನವರು ಗಾಡಿಯ ಮುಂದೆ ನಿಂತು ಮೂಕಿಯನ್ನು ಒಂದೇ ಕೈಯಿಂದ ಎತ್ತಿ ನೋಡುವರು. ಏಳದಿದ್ದರೆ ಮುಂಭಾರ, ಎತ್ತುಗಳ ಹೆಗಲು ಹುಣ್ಣಾಗುವುದು. ತಾನಾಗಿ ಎದ್ದರೆ ಹಿಂಭಾರ. ನೊಗವು ಮೇಲೆದ್ದು ಕೊರಳ ಹಗ್ಗವು ಎತ್ತುಗಳ ಉಸಿರು ಕಟ್ಟುವುದು. ಕೈಗೆ ಕೊಂಚ ಭಾರ ತಗುಲಿದರೆ ಮಾತ್ರ, “ಹೂಂ, ಹೂಡು” ಎನ್ನುವರು. ಒಂದು ಮೂಟೆಯನ್ನು ಒಂದು ಗೇಣು ಮುಂದಕ್ಕೆ ಸರಿಸಲು ಎಲ್ಲವನ್ನೂ ಇಳಿಸಿ ಮತ್ತೆ ಹೇರಿಸಿದುದನ್ನು ನಾವು ಕಂಡಿದ್ದೇವೆ. ಹಿಂಬಂಡಿಗೂ ಅದೇ ನಿಯಮ. ಒಟ್ಟು ಭಾರದ ಹತ್ತರಲ್ಲೊಂದು ಪಾಲು ಮೂಕಿಯ ತುದಿಯಲ್ಲಿ ಕೂರಬೇಕೆಂಬುದು ಬಲ್ಲವರ ಲೆಕ್ಕ. ಅದಕ್ಕಿಂತ ಬಹಳ ಹೆಚ್ಚಾದರೆ ಯಂತ್ರದ ಹಿಂಭಾಗವು ಕುಗ್ಗುವುದು. ಕಡಮೆಯಾಗಿ ಭಾರವು ಅಚ್ಚಿನ ಹಿಂದಕ್ಕೆ ಹೋಯಿತೆಂದರೆ, ವೇಗವು ಏರುತ್ತಲೇ ಬಂಡಿಯು ಎಡಕ್ಕೂ ಬಲಕ್ಕೂ ಹೊಯ್ದಾಡತೊಡಗುವುದು. ಹೊಯ್ದಾಟವು ಒಮ್ಮೆ ಬೆಳೆಯಿತೆಂದರೆ ಮುಂದಿನ ಯಂತ್ರವನ್ನೂ ಸೆಳೆದುಕೊಳ್ಳುವುದು. ಎತ್ತಾದರೆ ಉಸಿರು ಕಟ್ಟಿದಾಗ ನಿಲ್ಲುವುದು. ಎಂಜಿನ್ನಿಗೆ ಆ ವಿವೇಕವಿಲ್ಲ.

ಇನ್ನೊಂದು ಸೂಕ್ಷ್ಮವು ನಮ್ಮ ಮನಸ್ಸಿಗೆ ಬಹಳ ಹಿಡಿಸಿತು. ಮೋಟಾರು ಸೈಕಲ್ಲು ಒಂದೇ ಗೆರೆಯಲ್ಲಿ ಹೋಗುವುದು. ಎದುರಿಗೆ ಗುಂಡಿ ಬಂದರೆ ಸವಾರನು ಕೊಂಚ ಸರಿದು ಪಾರಾಗುವನು. ಹಿಂಬಂಡಿಯ ಎರಡು ಗಾಲಿಗಳಾದರೋ ಅತ್ತ ಒಂದು, ಇತ್ತ ಒಂದು ಬೇರೆ ಗೆರೆ ಹಿಡಿದು ಬರುತ್ತವೆ. ತಾನು ತಪ್ಪಿಸಿಕೊಂಡ ಗುಂಡಿಗೆ ಹಿಂಬಾಲಿಸುವ ಗಾಲಿಯನ್ನು ಕೆಡವದಂತೆ ನೋಡಿಕೊಳ್ಳಬೇಕು. ಅಂದರೆ ಒಂದು ದಾರಿಯಲ್ಲಿ ಹೋಗುತ್ತ ಮೂರು ದಾರಿಗಳ ಮೇಲೆ ಕಣ್ಣಿಡಬೇಕು. ಗಂಗೆಗೆ ‘ತ್ರಿಪಥಗಾ’ ಎಂಬ ಹೆಸರುಂಟೆಂದೂ, ಅವರ ಯಂತ್ರಕ್ಕೂ ಅದೇ ಹೆಸರು ಸಲ್ಲುವುದೆಂದೂ ನಾವು ಹೇಳಿದೆವು. ಅವರಿಗೆ ಅದು ಎಷ್ಟು ರುಚಿಸಿತೆಂದರೆ ನಮ್ಮಿಂದ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಿಸಿಕೊಂಡು ಹಿಂಬಂಡಿಯ ಮುಚ್ಚಳದ ಒಳಮೈಗೆ ಅಂಟಿಸಿದರು.

ಬೇರೆ ದೇಶಗಳ ಕಾಯಿದೆಗಳನ್ನು ನೋಡಿದರೆ ಸರಕಾರಗಳಿಗೂ ಈ ಭಯವಿರುವುದು ತಿಳಿಯುತ್ತದೆ. ಬ್ರಿಟನ್ನಿನಲ್ಲಿ ಹಿಂಬಂಡಿಯ ಅಗಲ 1 ಮೀಟರನ್ನು ಮೀರಕೂಡದು. ತುಂಬಿದ ತೂಕವು 150 ಕಿಲೋಗ್ರಾಂ ಅಥವಾ ಯಂತ್ರದ ತೂಕದ ಮೂರರಲ್ಲೆರಡು ಪಾಲು, ಇವೆರಡರಲ್ಲಿ ಯಾವುದು ಕಡಮೆಯೋ ಅಷ್ಟರೊಳಗಿರಬೇಕು. 125 ಘನ ಸೆಂಟಿಮೀಟರನ್ನು ಮೀರಿದ ಎಂಜಿನ್ನಿಗೆ ಮಾತ್ರ ಕಟ್ಟಬಹುದು. ಜರ್ಮನಿಯ ಹೆದ್ದಾರಿಗಳಲ್ಲಿ ಹಿಂಬಂಡಿಯುಳ್ಳ ಮೋಟಾರು ಸೈಕಲ್ಲಿಗೆ ಗಂಟೆಗೆ 60 ಕಿಲೋಮೀಟರೇ ಮಿತಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಯಾವ ವಾಹನವೇ ಆಗಲಿ, ಮತ್ತೊಂದನ್ನು ಎಳೆಯುತ್ತಿದ್ದರೆ 55 ಮೈಲಿಗಿಂತ ವೇಗವಾಗಿ ಹೋಗಬಾರದು. ಇವೆಲ್ಲಕ್ಕಿಂತ ವಿಚಿತ್ರವೆಂದರೆ, ಗೋಲ್ಡ್ ವಿಂಗನ್ನು ತಯಾರಿಸಿದವರೇ ತಮ್ಮ ಕೈಪಿಡಿಯಲ್ಲಿ, ಈ ಯಂತ್ರವು ಹಿಂಬಂಡಿಯನ್ನು ಎಳೆಯಲು ರಚಿತವಾದುದಲ್ಲ, ಎಳೆಯಬೇಡಿರಿ ಎಂದು ಎಚ್ಚರಿಸಿರುವರು. ಅದೇ ಕಾರ್ಖಾನೆಯಲ್ಲಿ ದುಡಿದವರು ಆ ಎಚ್ಚರಿಕೆಯನ್ನು ಅರಿಯದೆ ಇರುವರೇ? ಕೇಳಿದೆವು. “ಕೈಪಿಡಿಯನ್ನು ಬರೆದವರು ಎಲ್ಲ ಸವಾರರನ್ನೂ ನೆನೆದು ಬರೆದಿದ್ದಾರೆ, ನಾನು ನನ್ನ ಹೆಂಡತಿಯೊಬ್ಬಳನ್ನು ನೆನೆದು ಓಡಿಸುತ್ತೇನೆ” ಎಂದರು. ಮಾತು ಚೆನ್ನಾಗಿತ್ತು; ಆದರೆ ಚೆನ್ನಾದ ಮಾತು ಪ್ರಮಾಣವಾಗಲಾರದೆಂದು ನಾವು ಮನಸ್ಸಿನಲ್ಲಿ ಅಂದುಕೊಂಡೆವು. ತಯಾರಿಸಿದವರು ಬೇಡವೆಂದುದನ್ನು ಮಾಡುವವನು ಅದರ ಹೊಣೆಯನ್ನು ಪೂರ್ತಿಯಾಗಿ ತಾನೇ ಹೊರಬೇಕು. ಈ ಅಭಿಪ್ರಾಯವನ್ನು ನಾವು ಅಂದೂ ಮುಚ್ಚಿಡಲಿಲ್ಲ, ಇಂದೂ ಬಿಟ್ಟಿಲ್ಲ.

ಆಗಸ್ಟ್ ತಿಂಗಳಲ್ಲಿ ಒಂದು ದಿನ ಅವರು ಹಿಂಬಂಡಿಯನ್ನು ಕಟ್ಟಿ ಪರೀಕ್ಷೆಗೆ ಹೊರಟವರು ನಮ್ಮನ್ನೂ ಕರೆದರು. ಆ ಸಂಸ್ಥಾನದಲ್ಲಿ ವಯಸ್ಕರಿಗೆ ಶಿರಸ್ತ್ರಾಣದ ಕಡ್ಡಾಯವು ಸಾಮಾನ್ಯವಾಗಿ ಇಲ್ಲ. ಆದರೂ ಅದನ್ನು ಧರಿಸದೆ ಅವರು ಯಾರನ್ನೂ ಕುಳ್ಳಿರಿಸಿಕೊಳ್ಳರು. ನಮ್ಮ ಮನೆಯವರು ಬಾಗಿಲಲ್ಲಿ ನಿಂತು, “ಈ ವಯಸ್ಸಿನಲ್ಲಿ ಇದೇನ್ರೀ” ಎಂದರು. ಒಳಗೆ ಹೋಗಲಿಲ್ಲ, ನೋಡುತ್ತಲೇ ನಿಂತಿದ್ದರು. ಹೊಲಗಳ ನಡುವಣ ರಸ್ತೆಯಲ್ಲಿ ಆರೇಳು ಮೈಲಿ ಹೋಗಿಬಂದೆವು. ಹಿಂದೊಂದು ಬಂಡಿ ಬರುತ್ತಿದೆಯೆಂಬುದು ಮೊದಲ ಅರ್ಧ ಮೈಲಿಯಲ್ಲಿ ಮಾತ್ರ ನಮ್ಮ ನೆನಪಿನಲ್ಲಿತ್ತು. ಬಳಿಕ ಅದು ಇಲ್ಲವೇ ಇಲ್ಲವೆಂಬಂತೆ ಆಯಿತು. ರೈಲುಹಳಿಯನ್ನು ದಾಟುವಾಗ ಬೆನ್ನ ಕೆಳಗೆ ಒಂದು ಸಣ್ಣ ಜಗ್ಗು. ನಿಲುಗಡೆಯ ಫಲಕದ ಬಳಿ ವೇಗ ತಗ್ಗಿಸಿದಾಗ ಯಾರೋ ಹಿಂದಿನಿಂದ ಮೆಲ್ಲನೆ ಒತ್ತಿದಂತೆ. ಅಷ್ಟೇ. ಇಳಿದ ಮೇಲೆ ನಮ್ಮ ಅನುಭವವನ್ನು ಹೇಳಿದೆವು. ಅವರು ನಗಲಿಲ್ಲ. “ಚೆನ್ನಾಗಿ ಹೇರಿದ ಬಂಡಿ ಮರೆತುಹೋಗುತ್ತದೆ. ನನ್ನ ಭಯವೆಲ್ಲ ಅದೇ. ಮರೆತವನು ಒಬ್ಬನೇ ಇದ್ದಾಗ ಹೋಗುವಂತೆ ಹೋಗುತ್ತಾನೆ. ನಿಲ್ಲಿಸಬೇಕಾದಾಗ ನಿಲ್ಲಲು ಬೇಕಾದಷ್ಟು ಜಾಗ ಇರುವುದಿಲ್ಲ” ಎಂದರು. ಅವರು ಬೇಗದ ಕನ್ನಡಿಯ ಕೆಳಗೆ ಒಂದು ಸಣ್ಣ ಕೆಂಪು ದಾರವನ್ನು ಕಟ್ಟಿದ್ದುದು ಆಗ ನಮ್ಮ ಕಣ್ಣಿಗೆ ಬಿತ್ತು. ಹಿಂಬಂಡಿ ಕಟ್ಟಿದ ದಿನ ಮಾತ್ರ ಅದು ಅಲ್ಲಿರುವುದು.

ಸೆಪ್ಟೆಂಬರಿನಲ್ಲಿ ಅವರ ಮಗಳು ಬಂದಳು. ಆಕೆ ಬೇರೊಂದು ಊರಿನ ಆಸ್ಪತ್ರೆಯಲ್ಲಿ ಅಪಘಾತದ ವಿಭಾಗದ ದಾದಿ. ಅಕ್ಟೋಬರಿನ ಮೊದಲ ವಾರದಲ್ಲಿ ತಂದೆತಾಯಿಗಳು ಬ್ಲೂ ರಿಡ್ಜ್ ಪಾರ್ಕ್‌ವೇ ಎಂಬ ಪರ್ವತಮಾರ್ಗಕ್ಕೆ ಹೊರಡುವರೆಂಬ ವರ್ತಮಾನವು ಅವಳಿಗೆ ಮುಟ್ಟಿತ್ತು. ಮೋಟಾರು ಸೈಕಲ್ಲಿನಿಂದ ಬಿದ್ದವರನ್ನು ದಿನಂಪ್ರತಿ ಕಾಣುವವಳಿಗೆ ಅದನ್ನು ಕೇಳಿ ನಿದ್ರೆ ಬಂದೀತೇ? ಎರಡು ದಿನ ಆ ಮನೆಯಿಂದ ಏರಿದ ದನಿಗಳು ಕೇಳಿಬಂದುವು. ಮೂರನೆಯ ಬೆಳಗ್ಗೆ ಆಕೆ ಬೇಲಿಯ ಬಳಿಗೆ ಬಂದು ನಮ್ಮನ್ನು ಕೂಗಿದಳು. “ತಂದೆ ನಿಮ್ಮ ಮಾತನ್ನು ಕೇಳುತ್ತಾರೆ. ನೀವು ಪಾಠ ಹೇಳಿದವರು. ಆ ಯಂತ್ರವನ್ನು ಮಾರಿಬಿಡುವಂತೆ ಒಂದು ಮಾತು ಹೇಳಿ” ಎಂದಳು. ಕಣ್ಣು ಕೆಂಪಾಗಿತ್ತು.

ನಮಗೆ ಧರ್ಮಸಂಕಟವಾಯಿತು. ಆಕೆಯ ಭಯವು ನಿಜ. ಪುಸ್ತಕದಿಂದ ಬಂದ ಭಯವಲ್ಲ. ಅತ್ತ, ಮಂಡಿಗೆ ಲೋಹ ಹಾಕಿಸಿಕೊಂಡ ಮೇಲೂ ಗಂಡನ ಹಿಂದೆ ಕುಳಿತು ಬೆಟ್ಟಗಳ ಎಲೆ ಕೆಂಪಾಗುವುದನ್ನು ಇನ್ನೊಮ್ಮೆ ನೋಡಬೇಕೆಂಬ ತಾಯಿಯ ಬಯಕೆಯೂ ನಿಜ. ಮಕ್ಕಳು ಪ್ರೀತಿಯಿಂದ ಬೇಡವೆನ್ನುವ ವಸ್ತುಗಳ ಪಟ್ಟಿಯು ನಮ್ಮ ವಯಸ್ಸಿನವರಿಗೆ ವರ್ಷೇ ವರ್ಷೇ ಉದ್ದವಾಗುತ್ತ ಹೋಗುವುದು. ಊರಿನಲ್ಲಿರುವ ನಮ್ಮ ಹಳೆಯ ಸ್ಕೂಟರಿನ ವಿಷಯವಾಗಿ ನಮ್ಮ ಮಗನೂ ಆ ಬೇಸಗೆಯಲ್ಲಿ ಎರಡು ಬಾರಿ ಮಾತೆತ್ತಿದ್ದನು. ಆದ್ದರಿಂದ ನಾವು ನಿಷ್ಪಕ್ಷಪಾತಿಗಳೆಂದು ಹೇಳಿಕೊಳ್ಳಲಾರೆವು. “ಮಾರುವಂತೆ ಹೇಳಲು ನಾವು ಯಾರಮ್ಮ? ಆದರೆ ಶನಿವಾರ ಅವರು ಸಾಮಾನು ಹೇರಿ ತೂಗಿ ನೋಡುವರು. ನೀನೂ ಬಂದು ನಿನ್ನ ಕೈಯಿಂದಲೇ ತೂಗು. ಆಮೇಲೂ ಬೇಡವೆನ್ನಿಸಿದರೆ ನಿನ್ನ ಜೊತೆಗೆ ನಾವೂ ಬಂದು ಹೇಳುವೆವು” ಎಂದೆವು. ಆಕೆಗೆ ಸಮಾಧಾನವಾಗಲಿಲ್ಲ, ಬರುವೆನೆಂದು ಮಾತ್ರ ಒಪ್ಪಿದಳು.

ತೂಗುವ ಸಾಧನವೆಂದರೆ ಸ್ನಾನದ ಮನೆಯಲ್ಲಿ ಮೈತೂಕ ನೋಡಿಕೊಳ್ಳುವ ತಕ್ಕಡಿ. ಒಂದು ಗಾಲಿಯನ್ನು ಅದರ ಮೇಲೂ ಇನ್ನೊಂದನ್ನು ಅಷ್ಟೇ ಎತ್ತರದ ಹಲಗೆಯ ಮೇಲೂ ನಿಲ್ಲಿಸುವುದು. ಬಳಿಕ ಅದಲು ಬದಲು ಮಾಡುವುದು. ಕೊನೆಗೆ ಮೂಕಿಯ ತುದಿಯನ್ನು, ಕೊಂಡಿಯ ಎತ್ತರಕ್ಕೆ ಸರಿಯಾಗಿ ಮರದ ತುಂಡುಗಳನ್ನಿಟ್ಟು, ತಕ್ಕಡಿಯ ಮೇಲೆ ಕೂರಿಸುವುದು. ತಾಯಿಯವರು ಬೇಕುಬೇಕಾದುದು ಕೈಗೆ ಸಿಗಲೆಂದು ಕುರ್ಚಿ, ಚೌಕಟ್ಟು, ತಣ್ಣನೆಯ ಪೆಟ್ಟಿಗೆ, ನೀರಿನ ಡಬ್ಬಗಳನ್ನೆಲ್ಲ ಹಿಂದಿನ ಬಾಗಿಲ ಬಳಿಯೇ ಜೋಡಿಸಿದ್ದರು. ನಮ್ಮ ಮನೆಯವರು ದಾರಿಗೆಂದು ಒಂದು ಡಬ್ಬದ ತುಂಬ ಚಕ್ಕುಲಿ ಮಾಡಿಕೊಟ್ಟಿದ್ದರು. ಅದೂ ಅಲ್ಲಿಯೇ ಇತ್ತು. ಯಜಮಾನರಿಗೆ ಬಗ್ಗಿದರೆ ಅಂಕಿಗಳು ಕಾಣವು. ಮಗಳು ನೆಲದ ಮೇಲೆ ಮಂಡಿಯೂರಿ ಓದಿದಳು: ಎಡಗಾಲಿ 140 ಪೌಂಡು, ಬಲಗಾಲಿ 138, ಮೂಕಿ 12.

ಒಟ್ಟು 290. ಬ್ರಿಟನ್ನಿನ ಕಾಯಿದೆಗೂ ಸಲ್ಲುವ ತೂಕವೇ. ಆದರೆ ಮೂಕಿಯಲ್ಲಿ ಇರಬೇಕಾದುದು 29, ಇದ್ದುದು 12. ಯಾರೂ ಮಾತನಾಡಲಿಲ್ಲ. ತಂದೆಯು ಮೂಕಿಯನ್ನು ಎರಡು ಬೆರಳುಗಳಿಂದ ಎತ್ತಿ ನೋಡಿದರು. ನಮ್ಮ ಅಜ್ಜನವರು ಕಣ್ಣಮುಂದೆ ಬಂದಂತಾಯಿತು. ಮಗಳು ತಲೆಯೆತ್ತಿ, “ಹೀಗೆಯೇ ಹೊರಟಿದ್ದರೆ?” ಎಂದಳು. “ತೂಗದೆ ಹೊರಡುತ್ತಿರಲಿಲ್ಲ” ಎಂದರು ತಂದೆ. “ದಾರಿಯಲ್ಲಿ ಅಮ್ಮ ಪ್ರತಿ ರಾತ್ರಿ ಸಾಮಾನು ಇಳಿಸಿ ಬೆಳಗ್ಗೆ ಬೇರೆ ರೀತಿಯಲ್ಲಿ ತುಂಬಿದರೆ?” ಎಂದಳು ಅವಳು. ತಂದೆಯ ಬಳಿ ಉತ್ತರವಿರಲಿಲ್ಲ. ತೂಕವು ತಪ್ಪುವುದು ಮನೆಯಂಗಳದಲ್ಲಲ್ಲ, ಮೂರನೆಯ ದಿನದ ಬೆಳಗ್ಗೆ, ಆತುರದಲ್ಲಿ, ಎಂಬುದನ್ನು ಅಲ್ಲಿದ್ದವರಲ್ಲಿ ಮೊದಲು ಕಂಡುಕೊಂಡವಳು ಆ ಹುಡುಗಿ.

ಆಮೇಲೆ ಅವಳೇ ಮುಂದೆ ನಿಂತಳು. ಎಲ್ಲವನ್ನೂ ಅಂಗಳಕ್ಕೆ ಇಳಿಸಿದೆವು. ನೀರಿನ ಡಬ್ಬಗಳೂ ಉಪಕರಣಗಳ ಚೀಲವೂ ಅಚ್ಚಿನ ಮುಂದಕ್ಕೆ ಹೋದುವು. ದಿಂಬು, ಹೊದಿಕೆ, ಮಳೆಯ ಅಂಗಿಗಳು ಹಿಂದಕ್ಕೆ ಬಂದುವು. ತಣ್ಣನೆಯ ಪೆಟ್ಟಿಗೆಯನ್ನು ಮುಂದಿಟ್ಟರೆ ಅಮ್ಮನ ಕೈಗೆ ಎಟುಕದೆಂದು, ಇನ್ಸುಲಿನ್ನನ್ನು ಮಾತ್ರ ಒಂದು ಸಣ್ಣ ಚೀಲಕ್ಕೆ ಬದಲಿಸಿ ಯಂತ್ರದ ಪಾರ್ಶ್ವದ ಪೆಟ್ಟಿಗೆಯಲ್ಲಿಟ್ಟಳು. ಚಕ್ಕುಲಿಯ ಡಬ್ಬವನ್ನು ಹಿಡಿದುಕೊಂಡು, ಇದು ಮುಂಭಾರಕ್ಕೋ ಹಿಂಭಾರಕ್ಕೋ ಎಂಬ ಚರ್ಚೆ ಒಂದು ಗಳಿಗೆ ನಡೆಯಿತು. ನಮ್ಮ ಮನೆಯವರಿಗೆ ಇಂಗ್ಲಿಷು ಬಾರದು. “ಅದನ್ನ ತಿಂದು ಮುಗಿಸಿದ ಮೇಲೆ ತೂಕ ತಪ್ಪಲ್ವೇ, ಕೇಳಿ” ಎಂದರು. ನಾವು ಭಾಷಾಂತರಿಸಿದೆವು. ಆ ಮನೆಯಲ್ಲಿ ಮೂರು ದಿನಗಳಿಂದ ನಗೆಯಿರಲಿಲ್ಲ, ಆಗ ಬಂದಿತು. ಮತ್ತೆ ತೂಗಿದಾಗ ಎಡಬಲಗಳಲ್ಲಿ 130 ಮತ್ತು 130, ಮೂಕಿಯಲ್ಲಿ 30. ಮಗಳು ಇಣಿಕಿ ನೋಡಿ ಆ ಮೂರು ಅಂಕಿಗಳನ್ನೂ, ಯಾವ ಸಾಮಾನು ಎಲ್ಲಿರಬೇಕೆಂಬ ನಕ್ಷೆಯನ್ನೂ ಒಂದು ಹಾಳೆಯಲ್ಲಿ ಬರೆದು, ಮುಚ್ಚಳದ ಒಳಗಡೆ ‘ತ್ರಿಪಥಗಾ’ ಎಂಬ ಚೀಟಿಯ ಕೆಳಗೆ ಅಂಟಿಸಿದಳು. ಷರತ್ತುಗಳೂ ಆದುವು: ಗಂಟೆಗೆ 55 ಮೈಲಿ ಮೀರಬಾರದು, ಸಂಜೆ ಊರು ಸೇರಿದೊಡನೆ ದೂರವಾಣಿ ಮಾಡಬೇಕು, ತಕ್ಕಡಿಯನ್ನು ಜೊತೆಗೆ ಒಯ್ದು, ಹೊರಡುವ ಮುನ್ನ ಪ್ರತಿ ಬೆಳಗ್ಗೆ ಮೂಕಿಯ ತೂಕವನ್ನು ನೋಡಿ ಅಂಕಿಯನ್ನು ಅವಳಿಗೆ ತಿಳಿಸಬೇಕು. ಮಾರುವ ಮಾತನ್ನು ಅವಳು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಆ ದಿನ ಎತ್ತಲೂ ಇಲ್ಲ.

ಅಕ್ಟೋಬರಿನ ಮೊದಲ ವಾರ, ಇಬ್ಬನಿ ಆರುವ ಹೊತ್ತಿಗೆ ಅವರು ಹೊರಟರು. ಕೊಲಂಬಸ್ಸಿನ ಮೇಲಾಗಿ 33 ನೆಯ ಹೆದ್ದಾರಿಯನ್ನು ಹಿಡಿದು, ಒಹಾಯೋ ನದಿಯನ್ನು ದಾಟಿ, ಪಶ್ಚಿಮ ವರ್ಜೀನಿಯಾದ ಬೆಟ್ಟಗಳನ್ನು ಏರಿಳಿದು ವರ್ಜೀನಿಯಾಕ್ಕೆ. ಅಲ್ಲಿಂದ ಪರ್ವತಮಾರ್ಗದ ಉತ್ತರದ ಬಾಗಿಲಿಗೆ. 1935 ರಲ್ಲಿ ಆರಂಭವಾಗಿ 1987 ರಲ್ಲಿ ಪೂರ್ತಿಯಾದ ಆ ಮಾರ್ಗದ ಉದ್ದ 469 ಮೈಲಿ. ದಾರಿಯುದ್ದಕ್ಕೂ ವ್ಯಾಪಾರದ ವಾಹನಗಳಿಗೆ ಪ್ರವೇಶವಿಲ್ಲ. ವೇಗದ ಮಿತಿ 45 ಮೈಲಿ. ಹಿಂಬಂಡಿಯವರಿಗೆಂದೇ ಮಾಡಿದಂತಿದೆಯೆನ್ನಬಹುದು. ಅತಿ ಎತ್ತರದ ಸ್ಥಳವು 6,053 ಅಡಿ. ಬೆಟ್ಟವಿಳಿಯುವಾಗ ಬ್ರೇಕನ್ನೇ ನಂಬದೆ ಗೇರು ಇಳಿಸಿಕೊಂಡು, ತಿರುವಿನ ಒಳಗಲ್ಲ, ತಿರುವಿಗೆ ಮುಂಚೆಯೇ ವೇಗವನ್ನು ತಗ್ಗಿಸುತ್ತ ಹೋದೆವೆಂದು ಆಮೇಲೆ ಹೇಳಿದರು. ನಿಲ್ಲಿಸುವಾಗ ಮುಂದಕ್ಕೇ ಹೊರಡಲು ಆಗುವಂತಹ ಜಾಗವನ್ನು ಹುಡುಕಿ ನಿಲ್ಲಿಸುವರು. ಹಿಂಬಂಡಿಯನ್ನು ಹಿಂದಕ್ಕೆ ನಡೆಸುವುದು ಮೊಂಡು ಕರುವನ್ನು ಕೊಟ್ಟಿಗೆಗೆ ನೂಕಿದಂತೆಯೇ. ಪ್ರತಿ ಬೆಳಗ್ಗೆ ಮಗಳಿಗೆ ಒಂದು ಅಂಕಿ ಬರುತ್ತಿತ್ತು. ಮೂವತ್ತು, ಇಪ್ಪತ್ತೊಂಬತ್ತು, ಮೂವತ್ತೊಂದು. ಒಂದು ದಿನ ಇಪ್ಪತ್ತೆರಡು. ಅಂದು ಅವಳು ಆಸ್ಪತ್ರೆಯಿಂದಲೇ ಕರೆ ಮಾಡಿ, ಮತ್ತೆ ಹೇರಿ ಇಪ್ಪತ್ತೊಂಬತ್ತಾಯಿತೆಂದು ಕೇಳುವ ವರೆಗೆ ಬಿಡಲಿಲ್ಲವಂತೆ. ದಾರಿಯಲ್ಲಿ ಕೊಂಡ ಸೇಬಿನ ಬುಟ್ಟಿಯು ಹಿಂದಿನ ಬಾಗಿಲಿಗೆ ಸೇರಿಬಿಟ್ಟಿತ್ತು.

ಹದಿಮೂರನೆಯ ದಿನ ಸಂಜೆ ಅವರು ಮರಳಿದರು. ಸೇಬಿನಲ್ಲಿ ನಮಗೂ ಪಾಲು ಬಂದಿತು. ಚಕ್ಕುಲಿಯ ಡಬ್ಬವು ಬರಿದಾಗಿ ಬಂದಿತು. ಆಕೆ ಯಂತ್ರದಿಂದ ಇಳಿದು ಚೌಕಟ್ಟನ್ನು ಹಿಡಿದು ನಿಂತವರು ಬಹಳ ಹೊತ್ತು ಮನೆಯೊಳಕ್ಕೆ ಹೋಗಲಿಲ್ಲ. ಯಜಮಾನರು ಮೊದಲು ಮಾಡಿದ ಕೆಲಸವೆಂದರೆ ಹಿಂಬಂಡಿಯ ಗಾಲಿಗಳ ಗುಂಬದ ಮೇಲೆ ಕೈಯಿಟ್ಟು ಕಾವು ನೋಡಿದ್ದು. ಒಂದು ಕೊಂಚ ಬಿಸಿಯಾಗಿತ್ತು. ಮರುದಿನ ಬಿಚ್ಚಿ ಕೀಲೆಣ್ಣೆ ಹಾಕಿದರು. ನಾವು ದೀಪ ಹಿಡಿದುಕೊಂಡಿದ್ದೆವು.

2024 ರ ಸೆಪ್ಟೆಂಬರಿನಲ್ಲಿ ಹೆಲೀನ್ ಎಂಬ ಚಂಡಮಾರುತವು ಆ ಪರ್ವತಮಾರ್ಗವನ್ನು, ಅದರಲ್ಲಿಯೂ ಉತ್ತರ ಕ್ಯಾರೊಲೈನಾದ ಭಾಗವನ್ನು ಬಹುವಾಗಿ ಕೆಡಿಸಿತು. ಸುದ್ದಿಯನ್ನು ಓದಿ ನಾವು ಕಾಗದ ಬರೆದೆವು. ಉತ್ತರ ಬಂದಿತು. ಆ ವರ್ಷ ಅವರು ಅಷ್ಟು ದೂರ ಹೋಗಿರಲಿಲ್ಲವಂತೆ. ತಮ್ಮ ಸಂಸ್ಥಾನದ ಆಗ್ನೇಯ ಬೆಟ್ಟಗಳಿಗೇ ಮೂರು ದಿನ ಹೋಗಿಬಂದರಂತೆ. ಮೂಕಿಯ ತೂಕವು 28. ತಕ್ಕಡಿಯು ಈಗ ಹಿಂಬಂಡಿಯಲ್ಲಿಯೇ ಇರುತ್ತದೆಂದೂ, ಸ್ನಾನದ ಮನೆಗೆ ಬೇರೊಂದನ್ನು ಮಗಳೇ ಕೊಂಡು ತಂದಳೆಂದೂ ಆಕೆ ಕೊನೆಯಲ್ಲಿ ಬರೆದಿದ್ದರು.